ಅರ್ಧ ಚಮಚ

ಪೋರ್ಟೊ ಪಕ್ಕದ ಲೇಶೋಯಿಶ್ ಬಂದರಿನಲ್ಲಿ
ನನ್ನದು ಕ್ರೇನಿನ ಕೆಲಸ.
ನಲವತ್ತು ಮೀಟರು ಮೇಲೆ ಗಾಜಿನ ಗೂಡಲ್ಲಿ ಕೂತು
ಎರಡು ಬೆರಳಲ್ಲಿ ಹಿಡಿಕೆ ಮಿಸುಕಿಸಿದರೆ
ಮೂವತ್ತು ಟನ್ನಿನ ಪೆಟ್ಟಿಗೆ,
ಬೆಕ್ಕು ಮರಿಯನ್ನು ಕಚ್ಚಿ ತಂದಿಟ್ಟ ಹಾಗೆ,
ಲಾರಿಯ ಬೆನ್ನ ಮೇಲೆ ಕೂರುತ್ತದೆ.
ಹನ್ನೊಂದು ವರ್ಷ. ಗಾಳಿ ಎದ್ದ ದಿನವೂ ತಪ್ಪಿಲ್ಲ.

ಇವತ್ತು ಅಡುಗೆಮನೆಯಲ್ಲಿ
ಅರ್ಧ ಚಮಚ ಕ್ಯಾರೆಟ್ಟು.
ಕೈ ನಡುಗುತ್ತಿದೆ.

ಆರು ತಿಂಗಳ ಮೇಲೆ ಸೇಲಿಯಾ ಮತ್ತೆ ಕೆಲಸಕ್ಕೆ ಹೊರಟಳು,
ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ.
ನೀಲಿ ಏಪ್ರನ್ನು ರಾತ್ರಿಯೇ ಇಸ್ತ್ರಿಯಾಗಿತ್ತು.
ಹೊಸ್ತಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು:
ಉಪ್ಪು ಹಾಕಬೇಡ.
ರುಚಿ ನೋಡಿ ಹಾಕಿಬಿಡುತ್ತೀಯ, ನನಗೆ ಗೊತ್ತು.

ಎಂಟಕ್ಕೆ ಅತ್ತೆಯ ಫೋನು.
ಮಿಕ್ಸಿ ಮುಟ್ಟಬೇಡಪ್ಪ, ಗಾಳಿ ಸೇರುತ್ತದೆ,
ಆಮೇಲೆ ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ.
ಕಪಾಟಿನ ಮೇಲೆ ನೋಡು, ತಗಡಿನ ಕೈಗಿರಣಿ.
ನಿನ್ನ ಹೆಂಡತಿ ದೊಡ್ಡವಳಾದದ್ದು ಅದರಿಂದಲೇ.
ಒಲೆ ಆರಿಸಿದ ಮೇಲೆ ಆಲಿವ್ ಎಣ್ಣೆ,
ಹಸಿಯದು, ನೂಲಿನಷ್ಟು.
ನೂಲು ಅಂದೆ, ದೆಯೊಲಿಂಡಾ ಮತ್ತೊಮ್ಮೆ ಅಂದಳು,
ನಿನ್ನ ಬಂದರಿನ ಹಗ್ಗ ಅಲ್ಲ.

ಹಿಡಿ ತಿರುಗಿಸಿದೆ. ಕಿರ್ರ್ ಎಂದಿತು.
ತೂತುಗಳಿಂದ ಹುಳುಹುಳುವಾಗಿ ಇಳಿದದ್ದು
ತಟ್ಟೆಯಲ್ಲಿ ಒಂದಾಗಿ ಹೊಳೆಯಿತು, ಕೆಂಡದ ಬಣ್ಣ.
ಬೆಂದ ನೀರು ಎರಡು ಹನಿ. ಇನ್ನೆರಡು.
ಹದ ಯಾವುದು, ಯಾರನ್ನು ಕೇಳಲಿ?
ಮುಂಗೈ ಮೇಲೆ ಬಿಟ್ಟುಕೊಂಡು ಬಿಸಿ ನೋಡಿದೆ,
ಊದಿದೆ, ಮತ್ತೆ ನೋಡಿದೆ,
ತಣ್ಣಗಾಗಿಯೇ ಹೋಯಿತು.

ಲುಜೀಯಾಳ ಬಾಯಿ ಎಲ್ಲಕ್ಕೂ ತೆರೆಯುತ್ತದೆ:
ಬೀಗದ ಕೈ, ಪತ್ರಿಕೆಯ ಅಂಚು, ನನ್ನ ಮೂಗು.
ಚಮಚ ಕಂಡರೆ ಮಾತ್ರ ಬೀಗ.
ಸಂದು ಸಿಕ್ಕಿತು ಅಂತ ತೂರಿಸಿದರೆ
ನಾಲಿಗೆ ಹೊರಗೆ ಬಂದು
ಇದ್ದದ್ದನ್ನೆಲ್ಲ ಗದ್ದಕ್ಕೆ ದಬ್ಬಿತು.
ಗದ್ದದಿಂದ ಒರೆಸಿ ಕೊಟ್ಟೆ. ದಬ್ಬಿತು.
ಹುಬ್ಬಿಗೆ ಹೇಗೆ ಹತ್ತಿತೋ ದೇವರಿಗೇ ಗೊತ್ತು.
ತಪ್ಪು ಅವಳದಲ್ಲ.
ಆ ನಾಲಿಗೆ ಇಷ್ಟು ದಿನ ಕಲಿತದ್ದು ಒಂದೇ ಕೆಲಸ, ಹೀರುವುದು.
ಮುಂದಿನದನ್ನು ಹಿಂದಕ್ಕೆ ಸಾಗಿಸುವ ದಾರಿ
ಇನ್ನೂ ಸವೆದಿಲ್ಲ ಅಲ್ಲಿ.

ಬಟ್ಟಲು ಎತ್ತಿಡೋಣ ಅನ್ನುವಾಗ
ಮುದುಕ ಅಬೀಲಿಯೋ ನೆನಪಾದ, ನನಗೆ ಕ್ರೇನು ಕಲಿಸಿದವನು.
ಬೀಡಿಯಷ್ಟು ಗಿಡ್ಡ ಆಸಾಮಿ, ಬೈಗುಳಕ್ಕೆ ಬರವಿಲ್ಲ.
ಲೋ, ಪೆಟ್ಟಿಗೆಯನ್ನು ಹೇರಬೇಡ,
ನೆಲ ಅದನ್ನು ತಗೊಳ್ಳುವ ತನಕ ಕಾಯಿ, ಅನ್ನುತ್ತಿದ್ದ.

ಚಮಚವನ್ನು ಕೆಳತುಟಿಯ ಮೇಲೆ ಇಟ್ಟೆ.
ತಳ್ಳಲಿಲ್ಲ.
ಕಿಟಕಿಯಾಚೆ ಯಾವುದೋ ಹಡಗು ಉದ್ದಕ್ಕೆ ಕೂಗಿತು,
ಅದು ನಾನಿಲ್ಲದೆ ಇಳಿಯಬೇಕಾದ ಸರಕು.
ಅವಳು ಚಮಚ ನೋಡಿದಳು, ನನ್ನನ್ನು ನೋಡಿದಳು,
ತಾನಾಗಿ ಮುಂದೆ ಬಾಗಿದಳು.

ಮುಖ ಕಿವುಚಿದಳು ಮೊದಲು.
ಆಮೇಲೆ ಸುಮ್ಮನಾದಳು,
ಲೆಕ್ಕ ತಪ್ಪಿದ ಗುಮಾಸ್ತನ ಹಾಗೆ.
ಆಮೇಲೆ ಗಂಟಲಲ್ಲಿ ಒಂದು ಸಣ್ಣ ಅಲುಗಾಟ, ಕಂಡೂ ಕಾಣದಷ್ಟು.
ಇಳಿಯಿತು.

ನಾನು ಇಳಿಸಿದ ಪೆಟ್ಟಿಗೆಗಳಲ್ಲಿ ಏನಿರುತ್ತದೆಂದು
ನನಗೆ ಯಾರೂ ಹೇಳುವುದಿಲ್ಲ.
ಟೀವಿಯೋ ಚಪ್ಪಲಿಯೋ, ಬೀಗ ಒಡೆದು ನೋಡಿದವನಲ್ಲ.
ಇದು ಮಾತ್ರ ಗೊತ್ತಿತ್ತು, ಬುಡದಿಂದ:
ಅತ್ತೆಯ ಹಿತ್ತಿಲ ಒಂದು ಕ್ಯಾರೆಟ್ಟು,
ಮಣ್ಣು ಹೋಗಲು ಮೂರು ನೀರು,
ನೂಲಿಗಿಂತ ತುಸು ದಪ್ಪ ಎಣ್ಣೆ.

ಎರಡನೆಯ ಚಮಚ ನನ್ನ ಅಂಗಿಗೆ ಬಂತು.
ಮೂರನೆಯದನ್ನು ಕಿತ್ತುಕೊಂಡು ಮೇಜಿಗೆ ಬಡಿದಳು.
ಉಳಿದದ್ದು ಮಂಜಿನ ತಟ್ಟೆಯ ಆರು ಗುಳಿಗೆ ಸೇರಿತು.

ಊಟದ ಬಿಡುವಿನಲ್ಲಿ ಸೇಲಿಯಾ ಫೋನು ಮಾಡಿದಳು,
ಹಿಂದೆ ಡಬ್ಬಿಗಳ ಗಲಗಲ.
ತಿಂದಳಾ?
ಅರ್ಧ ಚಮಚ.
ಆಚೆ ಕಡೆ ಬರೀ ಡಬ್ಬಿಗಳು, ಸ್ವಲ್ಪ ಹೊತ್ತು.
ಮುಖ ಹೇಗೆ ಮಾಡಿದಳು?
ಹೇಳಿದೆ. ಗುಮಾಸ್ತನ ಮಾತು ಬಿಟ್ಟು ಎಲ್ಲ ಹೇಳಿದೆ.
ಉಪ್ಪು?
ಇಲ್ಲ ಮಾರಾಯ್ತಿ.

ಫೋನಿಟ್ಟು ಬಟ್ಟಲಿನ ಅಂಚು ನೆಕ್ಕಿದೆ.
ಸಪ್ಪೆ. ಆಮೇಲೆ, ತಡವಾಗಿ, ಸಿಹಿ.
ನಾಳೆಯೂ ಇದೇ. ನಾಳಿದ್ದೂ.
ಶುಕ್ರವಾರ ಕುಂಬಳಕಾಯಿ.